ಕಣ್ಣಿನ ಕೆಂಪು ಇಳಿಸುವ ಹನಿ: ಮೂರು ದಿನ ದಾಟಬಾರದು

ಪ್ರಶ್ನೆ: ಡಾಕ್ಟ್ರಮ್ಮ, ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ನನಗೆ 52 ವರ್ಷ. ಕೊಯ್ಲು ಶುರುವಾದ ಮೇಲೆ ದಿನಾ ಅಡಿಕೆ ಬೇಯಿಸುವ ಒಲೆ ಮುಂದೆಯೇ ಕೆಲಸ. ಕಣ್ಣು ಕೆಂಪಾಗಿ ಉರಿಯುತ್ತಿತ್ತು. ಮೆಡಿಕಲ್ ಶಾಪಿನಲ್ಲಿ ಒಂದು ಹನಿ ಔಷಧಿ ಕೊಟ್ಟರು. ಹಾಕಿದ ಸ್ವಲ್ಪ ಹೊತ್ತಿಗೇ ಕಣ್ಣು ಬೆಳ್ಳಗಾಗುತ್ತಿತ್ತು. ಈಗ ತಿಂಗಳಾಯಿತು. ದಿನಕ್ಕೆ ಐದಾರು ಸಲ ಹಾಕಿದರೂ ಸಂಜೆಯೊಳಗೆ ಮತ್ತೆ ಕೆಂಪು. ಬಿಪಿ ಮಾತ್ರೆ ತಗೊಳ್ತೇನೆ. ಇದಕ್ಕಿಂತ ಸ್ಟ್ರಾಂಗ್ ಹನಿ ಇದೆಯೇ? ಮೂರು ವರ್ಷದ ಮೊಮ್ಮಗನ ಕಣ್ಣಿಗೂ ಹಾಕಬಹುದಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಸ್ಟ್ರಾಂಗ್ ಹನಿ ಬೇಡಮ್ಮಾ. ಈಗ ಹಾಕುತ್ತಿರುವುದನ್ನೂ ಇವತ್ತೇ ನಿಲ್ಲಿಸಿ. ನಿಮ್ಮ ಕಣ್ಣು ಈಗ ಕೆಂಪಾಗುತ್ತಿರುವುದು ಬಹುಶಃ ಆ ಹನಿಯಿಂದಲೇ.

ಪ್ರತಿ ವರ್ಷ ಡಿಸೆಂಬರ್, ಜನವರಿಯಲ್ಲಿ ನನ್ನ ಹತ್ತಿರ ಇಂಥವರು ಬರುತ್ತಾರೆ. ಬೆರಳ ತುಂಬಾ ಅಡಿಕೆ ಸುಲಿದ ಕಪ್ಪು ಕಲೆ, ಸೆರಗಿನ ಗಂಟಿನಲ್ಲಿ ಪುಟ್ಟ ಬಾಟಲಿ. ಅದರ ಮೇಲಿನ ಸಣ್ಣ ಅಕ್ಷರ ಓದಿದರೆ ನ್ಯಾಫಜೋಲಿನ್ ಅಂತಲೋ ಫಿನೈಲೆಫ್ರಿನ್ ಅಂತಲೋ ಇರುತ್ತದೆ. ನಿಮ್ಮ ಬಾಟಲಿಯನ್ನೂ ಯಾರ ಹತ್ತಿರವಾದರೂ ಓದಿಸಿ ನೋಡಿ. ಈ ಔಷಧಿಗಳು ಕಣ್ಣಿನ ಬಿಳಿ ಭಾಗದ ಮೇಲಿರುವ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ರಕ್ತ ಕಮ್ಮಿ ಹರಿಯುತ್ತದೆ, ಕೆಂಪು ಕಾಣುವುದಿಲ್ಲ. ಅಷ್ಟೇ. ಹೊಗೆ ಹಾಗೇ ಇದೆ, ಉರಿಗೆ ಕಾರಣವೂ ಹಾಗೇ ಇದೆ. ದಿನಗಟ್ಟಲೆ ಹಾಕುತ್ತಾ ಹೋದರೆ, ಔಷಧಿಯ ಬಲ ಇಳಿದಾಗ ಆ ನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಕಣ್ಣು ಇನ್ನಷ್ಟು ಕೆಂಪಾಗುತ್ತದೆ, ನೀವು ಮತ್ತೆ ಹನಿ ಹಾಕುತ್ತೀರಿ. ಅದಕ್ಕೇ ಮೂರು ದಿನದ ಮೇಲೆ ಇದನ್ನು ಹಾಕಬಾರದು ಅನ್ನುವುದು.

ನಿಲ್ಲಿಸಿದ ಮೇಲೆ ಕೆಲವು ದಿನ ಕಣ್ಣು ಕೆಂಪಾಗಿಯೇ ಇರುತ್ತದೆ. ಹೆದರಿ ಮತ್ತೆ ಬಾಟಲಿ ತೆಗೆಯಬೇಡಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳಿ. ಕಣ್ಣೀರಿನ ಹಾಗೆ ತೇವ ಕೊಡುವ ಹನಿ ಸಿಗುತ್ತದೆ, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಬರೆದಿರುತ್ತದೆ. ಹೊಗೆಗೆ ಒಣಗಿದ ಕಣ್ಣಿಗೆ ಬೇಕಾದದ್ದು ಅದು. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡರೆ ತಂಪು. ನನ್ನ ಅಮ್ಮನೂ ಇಡುತ್ತಿದ್ದರು. ಆದರೆ ಅದರ ರಸ ಹಿಂಡಿ ಕಣ್ಣಿಗೆ ಬಿಡಬೇಡಿ. ಇನ್ನು ಒಲೆಯ ವಿಷಯ: ಗಾಳಿ ಬರುವ ಕಡೆ ಬೆನ್ನು ಮಾಡಿ ನಿಂತುಕೊಳ್ಳಿ, ಹಸಿ ಸೌದೆ ತುರುಕಬೇಡಿ.

ನಿಮಗೆ ಬಿಪಿ ಇದೆ ಅಂದಿರಿ. ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ಉಳಿಯುವುದಿಲ್ಲ. ಮೂಗಿನೊಳಗೆ ಇಳಿದು ರಕ್ತ ಸೇರುತ್ತದೆ. ಹನಿ ಹಾಕಿದಾಗ ಗಂಟಲು ಕಹಿಯಾಗುವುದು ಅದಕ್ಕೇ. ಬಿಪಿ, ಹೃದಯದ ತೊಂದರೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಕೆಂಪು ಇಳಿಸುವ ಹನಿ ಹಾಕಬಾರದು. ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡದ ಕಾಯಿಲೆ ಇದ್ದವರೂ ಅಷ್ಟೇ. ಕೆಲವರಿಗೆ ಇದರಿಂದ ಪಾಪೆ ಹಿಗ್ಗಿ ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರಬಹುದು. ಯಾವ ಹನಿಯೇ ಆಗಲಿ, ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ.

ನೋವು ಇದ್ದರೆ, ಮಂಜಾಗಿ ಕಂಡರೆ, ಬೆಳಕು ನೋಡಲಾಗದಿದ್ದರೆ, ಕೀವು ಬಂದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಸೋಗೆಯೋ ಭತ್ತದ ಗರಿಯೋ ಕಣ್ಣಿಗೆ ಹೊಡೆದಿದ್ದರಂತೂ ಅದೇ ದಿನ ತೋರಿಸಿ. ಆ ಗಾಯದಿಂದ ಫಂಗಸ್ ಒಳಗೆ ಸೇರಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಬಹುದು. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿ ಹಾಕಿದರೆ ಹುಣ್ಣು ಇನ್ನೂ ಬೆಳೆದು ದೃಷ್ಟಿಯೇ ಹೋಗಬಹುದು. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವಾಗ ಕಣ್ಣಿಗೆ ಸಿಡಿದರೆ ಹುಷಾರು, ಅದರಲ್ಲಿ ಸುಣ್ಣ ಇರುತ್ತದೆ. ಮೊದಲು ಅಲ್ಲೇ ಅರ್ಧ ಗಂಟೆ ಶುದ್ಧ ನೀರು ಹೊಯ್ದು ತೊಳೆಯಿರಿ, ಆಮೇಲೆ ಗಾಡಿ ಹತ್ತಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ.

ಮೊಮ್ಮಗನಿಗೆ ಬೇಡವೇ ಬೇಡ. ಇದೊಂದು ಮಾತು ದಯವಿಟ್ಟು ನೆನಪಿಡಿ. ನ್ಯಾಫಜೋಲಿನ್‌ನಂಥ ಹನಿಯನ್ನು ಮಗು ಒಂದೆರಡು ಎಂಎಲ್ ಕುಡಿದರೂ ಸಾಕು, ಮಂಪರು ಹತ್ತಿ ಎದೆಬಡಿತ, ಉಸಿರು ನಿಧಾನವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಇದೇ ಎಚ್ಚರಿಕೆ ಕೊಟ್ಟಿತು. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನೂ ಕೈಯಲ್ಲಿ ಹಿಡಿದು ಸೀದಾ ಆಸ್ಪತ್ರೆಗೆ ಓಡಿ. ನಿಮ್ಮ ಬಾಟಲಿ ಈಗ ಎಲ್ಲಿದೆ? ಕಿಟಕಿ ಕಟ್ಟೆ ಮೇಲೋ, ಎಲೆ-ಅಡಿಕೆ ತಟ್ಟೆಯ ಪಕ್ಕದಲ್ಲೋ? ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಅದನ್ನು ಮಗುವಿನ ಕೈಗೆ ಸಿಗದಂತೆ ಎತ್ತಿಡಿ.