ಹಳೇ ಯುದ್ಧವಿಮಾನದ ಫೋಟೋ ನೋಡಿ ಮಾದರಿ, ವರ್ಷ ಹೇಳುವುದು ಬರೀ ಊಹೆಯೇ?

ಊಹೆ ಅಲ್ಲ. ಕಪ್ಪು-ಬಿಳುಪು ಫೋಟೋ ಒಂದನ್ನು ಹಾಕಿದ ಕೂಡಲೇ ಕೆಲವರು ಮಾದರಿ, ವರ್ಷ, ಬಣ್ಣ ಎಲ್ಲ ಹೇಳಿಬಿಡುತ್ತಾರೆ, ಅದನ್ನು ಎಷ್ಟು ನಂಬಬಹುದು ಎಂದು ಕೇಳಿದ್ದೀರಿ. ನನಗೂ ಈ ಹುಚ್ಚು ಇದೆ. ನನ್ನ ಉತ್ತರ ಇಷ್ಟೇ: ಮಾದರಿಯನ್ನು ನಂಬಿ, ವರ್ಷವನ್ನು ಸ್ವಲ್ಪ ಆಚೀಚೆ ಬಿಟ್ಟು ನಂಬಿ, ಬಣ್ಣವನ್ನು ಮಾತ್ರ ಸುಲಭಕ್ಕೆ ನಂಬಬೇಡಿ.

ನಾನು ಮೊದಲು ನೋಡುವುದು ಫೋಟೋ ಎಡ-ಬಲ ಅದಲು ಬದಲಾಗಿದೆಯಾ ಅಂತ. ನೆಗೆಟಿವ್ ಮಗುಚಿ ಸ್ಕ್ಯಾನ್ ಮಾಡಿರುವುದು ಜಾಸ್ತಿ. ಅಕ್ಷರ ಕಂಡರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಒಂದೇ ಬದಿಯಲ್ಲಿರುವ ಭಾಗ ಹುಡುಕಬೇಕು. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನಲ್ಲಿ ಪೈಲಟ್ ಹತ್ತುವ ಪುಟ್ಟ ಬಾಗಿಲು ಎಡಕ್ಕಿದೆ. ಅಮೆರಿಕದ ಜೆಟ್‌ಗಳಲ್ಲಾದರೆ ಎಫ್-16ರ ಗನ್ ಎಡಕ್ಕೆ, ಎಫ್-15ರದ್ದು ಬಲಕ್ಕೆ.

ಮಾದರಿ ಗುರುತಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಒಳಗಿನ ಎಂಜಿನ್ ಬದಲಾದರೆ ಹೊರಗಿನ ಆಕಾರವೂ ಬದಲಾಗುತ್ತದೆ ನೋಡಿ. ಸ್ಪಿಟ್‌ಫೈರ್ ಮಾರ್ಕ್ 5ರಲ್ಲಿ (ಮಾರ್ಕ್ ಅಂದರೆ ಆವೃತ್ತಿ) ಒಂದು ರೆಕ್ಕೆಯಡಿ ಎಂಜಿನ್ ತಣಿಸುವ ದಪ್ಪ ರೇಡಿಯೇಟರ್, ಇನ್ನೊಂದರಡಿ ಸಣ್ಣ ಆಯಿಲ್ ಕೂಲರ್. ಮಾರ್ಕ್ 9ಕ್ಕೆ ಎರಡು ಹಂತದ ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಮರ್ಲಿನ್ ಎಂಜಿನ್ ಬಂತು. ಶಾಖ ಹೆಚ್ಚಾಯಿತು, ಅದನ್ನು ಹೊರಹಾಕಲು ಎರಡೂ ರೆಕ್ಕೆಯಡಿ ದಪ್ಪ ಪೆಟ್ಟಿಗೆಗಳೇ ಬೇಕಾದವು. ಪ್ರೊಪೆಲ್ಲರ್‌ಗೆ ಮೂರರ ಬದಲು ನಾಲ್ಕು ಅಲಗು ಬಂದವು. ಹಾಗಾಗಿ ವಿಮಾನದ ಹೊಟ್ಟೆ ಕಾಣುವ ಮಸುಕು ಫೋಟೋ ಸಿಕ್ಕರೂ ಸಾಕು.

ವರ್ಷಕ್ಕೆ ಗುರುತುಗಳನ್ನು ನೋಡಬೇಕು. ಅಮೆರಿಕದ ಬಿಳಿ ನಕ್ಷತ್ರದ ನಡುವೆ 1942ರ ಮೇವರೆಗೆ ಕೆಂಪು ಚುಕ್ಕೆ ಇತ್ತು. ಜಪಾನಿನ ಕೆಂಪು ವೃತ್ತ ಅಂದುಕೊಂಡು ತಮ್ಮವರೇ ಗುಂಡು ಹಾರಿಸಬಾರದು ಎಂದು ಅದನ್ನು ತೆಗೆದರು. 1943ರ ಜೂನ್‌ನಲ್ಲಿ ಅಕ್ಕಪಕ್ಕ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಬಂತು. ಕೆಲವೇ ತಿಂಗಳಲ್ಲಿ ಆ ಅಂಚು ನೀಲಿಯಾಯಿತು. 1947ರಲ್ಲಿ ಬಿಳಿ ಪಟ್ಟಿಯೊಳಗೆ ಕೆಂಪು ಗೆರೆ ಸೇರಿತು. ಆದರೆ ಆದೇಶ ಬಂದ ದಿನವೇ ಎಲ್ಲ ಕಡೆ ಪೇಂಟ್ ಮಾಡಿದ್ದರು ಅಂದುಕೊಳ್ಳಬೇಡಿ. ಅದಕ್ಕೇ ಆಚೀಚೆ ಬಿಡಿ ಎಂದದ್ದು. ರೆಕ್ಕೆಗೆ ಮತ್ತು ಮೈಗೆ ಕಪ್ಪು-ಬಿಳಿ ದಪ್ಪ ಪಟ್ಟಿ ಬಳಿದಿರುವ ಮಿತ್ರಪಕ್ಷದ ವಿಮಾನಗಳು ಸಾಮಾನ್ಯವಾಗಿ 1944ರ ಜೂನ್‌ನ ನಾರ್ಮಂಡಿ ದಾಳಿಯ ಸಮಯದ್ದು.

ಇನ್ನು ಬಣ್ಣ. ಜಗಳ ಜಾಸ್ತಿ ಆಗುವುದೇ ಇಲ್ಲಿ. ಆ ಕಾಲದಲ್ಲಿ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಕೂಡ ಬಳಕೆಯಲ್ಲಿತ್ತು. ಅದು ಕೆಂಪು ಬೆಳಕನ್ನು ಹಿಡಿಯುವುದಿಲ್ಲ, ನೀಲಿಯನ್ನು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ನೀಲಿ ತಿಳಿಯಾಗಿ ಕಾಣುತ್ತದೆ, ಕೆಂಪು ಮತ್ತು ಹಳದಿ ಕಪ್ಪಾಗುತ್ತವೆ. ಬ್ರಿಟಿಷ್ ವಿಮಾನದ ಮೈಮೇಲಿನ ವೃತ್ತಕ್ಕೆ ಹೊರಗಡೆ ಹಳದಿ ಬಳೆ ಇರುತ್ತಿತ್ತು. ಈ ಫಿಲ್ಮ್‌ನಲ್ಲಿ ಅದು ಕಡುಗಪ್ಪು ಬಳೆಯಂತೆ ಕಾಣುತ್ತದೆ! ಫಿಲ್ಮ್ ಯಾವುದು ಎಂದು ತಿಳಿಯದೆ ಬೂದು ಛಾಯೆ ನೋಡಿ "ಇದು ಹಸಿರು, ಅದು ಕಂದು" ಎನ್ನುವವರ ಮಾತನ್ನು ಸುಮ್ನೆ ಒಪ್ಪಬೇಡಿ. ಬಣ್ಣ ತುಂಬಿದ ಹೊಸ ಚಿತ್ರಗಳಂತೂ ಪುರಾವೆಯೇ ಅಲ್ಲ. ನನ್ನ ಮಟ್ಟಿಗೆ, ವಿಮಾನದ ಮೇಲಿನ ಯಾವುದಾದರೂ ಗುರುತಿನ ಸರಿಯಾದ ಬಣ್ಣ ಮೊದಲೇ ಗೊತ್ತಿದ್ದರೆ ಮಾತ್ರ ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಛಾಯೆಗಳನ್ನು ಹೋಲಿಸಬಹುದು.

ಸಣ್ಣ ವಿವರಗಳಿಂದಲೂ ಎಷ್ಟೋ ತಿಳಿಯುತ್ತದೆ. ನಿಂತಿರುವ ಅಮೆರಿಕದ ಯುದ್ಧವಿಮಾನ ಪಿ-51 ಮಸ್ಟಾಂಗ್‌ನ ಹೊಟ್ಟೆಯಡಿ ಚಕ್ರದ ಬಾಗಿಲುಗಳು ಜೋತುಬಿದ್ದಿದ್ದರೆ ಎಂಜಿನ್ ನಿಂತು ಸ್ವಲ್ಪ ಹೊತ್ತಾಗಿದೆ ಎಂದರ್ಥ, ಹೈಡ್ರಾಲಿಕ್ ಒತ್ತಡ ಇಳಿದಿರುತ್ತದೆ.

ನಿಮ್ಮ ಹತ್ತಿರ ಫೋಟೋ ಇದ್ದರೆ ಕತ್ತರಿಸದೆ, ಅಂಚುಗಳ ಸಮೇತ ಹಾಕಿ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಬಾಲದ ಹತ್ತಿರದ ಸೀರಿಯಲ್ ನಂಬರ್ ಓದಲು ಬಂದರೆ ಅದೇ ವಿಮಾನದ ಬೇರೆ ಫೋಟೋಗಳನ್ನು ಹುಡುಕಿ ಪಕ್ಕಕ್ಕಿಟ್ಟು ನೋಡಬಹುದು.