ನಿಮ್ಮ ಫೋನಿಗೆ ಯಾರ ಕರೆ ಬರುತ್ತೆ?

ಹೆಸರು ಬೇಡ, ರೈಟರು ಅಂತಲೇ ಕರೆಯೋಣ. ಮಲೆನಾಡಿನವರಿಗೆ ಗೊತ್ತು, ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಬಟವಾಡೆ ನೋಡಿಕೊಳ್ಳುವವರನ್ನು ರೈಟರು ಅನ್ನುತ್ತೇವೆ. ಮೂಡಿಗೆರೆ ಕಡೆಯವರು, ವಯಸ್ಸು 43. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯೋಕೆ ಅವರೇ ಒಪ್ಪಿದ್ದಾರೆ.

ಜುಲೈ ತಿಂಗಳು, ಚಿಕ್ಕಮಗಳೂರಿನಲ್ಲಿ ಮೂರು ದಿನದಿಂದ ಬಿಡದ ಮಳೆ. ನನ್ನ ಕೌನ್ಸೆಲಿಂಗ್ ರೂಮಿಗೆ ಬಂದವರು ಒದ್ದೆ ಕೊಡೆಯನ್ನು ಬಾಗಿಲಲ್ಲಿ ಇಡಲೋ ಒಳಗೆ ತರಲೋ ಅಂತ ಎರಡು ನಿಮಿಷ ನಿಂತೇ ಇದ್ದರು. ಕೂತ ಮೇಲೆ ಮೊದಲ ಮಾತು: "ನಂಗೇನೂ ಕಾಯಿಲೆ ಇಲ್ಲ ಮೇಡಂ, ಮನೆಯವಳು ಕಳಿಸಿದ್ಲು."

ವಿಷಯ ಗುರುವಂದನೆಯದ್ದು. ಈಗ ಎಲ್ಲ ಊರಲ್ಲೂ ಮಾಡ್ತಾರಲ್ವಾ, ಹಳೇ ಬ್ಯಾಚಿನವರೆಲ್ಲ ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ಮೇಷ್ಟ್ರುಗಳಿಗೆ ಶಾಲು ಹೊದಿಸಿ, ಹೋಳಿಗೆ ಊಟ. ಇವರದು 1997ರ ಎಸ್ಸೆಸ್ಸೆಲ್ಸಿ ಬ್ಯಾಚು. ಮೈಕ್ ಕೈಯಿಂದ ಕೈಗೆ ಬರುತ್ತಿತ್ತು. ಒಬ್ಬೊಬ್ಬರೂ ಹೆಸರು ಹೇಳಿ, ಈಗ ಏನು ಮಾಡ್ಕೊಂಡಿದೀನಿ ಅಂತ ಹೇಳಬೇಕು. ಒಬ್ಬ ಇಂಜಿನಿಯರ್, ಒಬ್ಬಳು ಹೈಸ್ಕೂಲ್ ಟೀಚರ್, ಒಬ್ಬ ಎರಡು ಹೋಂಸ್ಟೇ ಇಟ್ಟವನು. ಮೈಕ್ ಇನ್ನೂ ಮೂರು ಜನರ ಆಚೆ ಇದೆ ಅನ್ನುವಾಗ ಇವರು ಫೋನ್ ಬಂದವರ ಹಾಗೆ ಮೊಬೈಲ್ ಕಿವಿಗಿಟ್ಟುಕೊಂಡು ಆಚೆ ಹೋದರು, ಬೈಕ್ ಹತ್ತಿ ಸೀದಾ ಮನೆಗೇ ಬಂದುಬಿಟ್ಟರು, ಊಟ ಕೂಡ ಮಾಡಲಿಲ್ಲ. ಅವತ್ತಿನಿಂದ ನಿದ್ದೆ ಸರಿಯಿಲ್ಲ.

ಹಿಂದಿನದನ್ನು ಬೇಗ ಹೇಳಿಬಿಡುತ್ತೇನೆ. ಬಿ.ಎ. ಆಯಿತು. ಕೆಪಿಎಸ್‌ಸಿ ಪರೀಕ್ಷೆ ಬರೆದು ಬರೆದು ವಯಸ್ಸಿನ ಮಿತಿ ದಾಟಿತು. ನಡುವೆ ಎಸ್‌ಟಿಡಿ ಬೂತ್ ಇಟ್ಟರು, ಮೊಬೈಲ್ ಬಂತು. ಬೆಂಗಳೂರಲ್ಲಿ ಕೊರಿಯರ್ ಕೆಲಸ, ಅಪ್ಪನಿಗೆ ಲಕ್ವ ಹೊಡೆದಾಗ ವಾಪಸ್. 11 ವರ್ಷದಿಂದ ರೈಟರು.

"ಎಲ್ರಿಗೂ ಒಂದು ದಾರಿ ಸಿಕ್ತು ಮೇಡಂ. ನಾನು ಇದ್ದೂ ಪ್ರಯೋಜನ ಇಲ್ಲ."

ಈ ಮಾತು ಬಂದರೆ ನಾನು ಸುಮ್ನೆ ಮುಂದೆ ಹೋಗುವುದಿಲ್ಲ. ಸಾಯಬೇಕು ಅಂತ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ತುಂಬ ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಇಲ್ಲ ಅಂದರು. ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಕಳೆದ ಎರಡು ವಾರದ ನಿದ್ದೆ, ಹಸಿವು, ಉತ್ಸಾಹ ಎಲ್ಲ ಕೇಳುತ್ತೆ. ಅದರಲ್ಲಿ 8 ಅಂಕ ಬಂತು, ಅಂದರೆ ತೀವ್ರ ಖಿನ್ನತೆಯೇನೂ ಇಲ್ಲ. ಆದರೂ ಡಾಕ್ಟರ ಹತ್ತಿರ ಹೋಗಿ ಶುಗರ್, ಥೈರಾಯ್ಡ್ ಟೆಸ್ಟ್ ಮಾಡಿಸಿ ಅಂದೆ. ರಾತ್ರಿ ಹೊತ್ತು ತೀರಾ ಕಷ್ಟ ಅನ್ನಿಸಿದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದುಕೊಟ್ಟೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ನಾನೊಂದು ತಪ್ಪು ಮಾಡಿದೆ. ವೃತ್ತಿ ಆಸಕ್ತಿಯ ಪ್ರಶ್ನೆಪತ್ರಿಕೆ ತುಂಬಿಸಿದೆ. ಜಾನ್ ಹಾಲೆಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಜನರ ಆಸಕ್ತಿಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ, ಅದನ್ನು ಆಧರಿಸಿದ್ದು. ಕಾಲೇಜು ಮಕ್ಕಳ ಜೊತೆ ಮಾತು ಶುರು ಮಾಡೋಕೆ ಚೆನ್ನಾಗಿರುತ್ತೆ. ಇವರು ಏನು ಮಾಡಿದರು ಗೊತ್ತಾ? ಯಾವುದಕ್ಕೆ ಟಿಕ್ ಹಾಕಿದರೆ ಮರ್ಯಾದೆಯೋ ಅದಕ್ಕೆಲ್ಲ ಹಾಕಿದರು. 'ಯಂತ್ರ ಬಿಚ್ಚಿ ರಿಪೇರಿ ಮಾಡುವುದು' ಖಾಲಿ. 'ಜನರ ಮುಂದೆ ಮಾತನಾಡುವುದು' ಟಿಕ್! ಮೈಕ್ ನೋಡಿ ಓಡಿಬಂದ ಮನುಷ್ಯ.

ಎರಡನೇ ಸಲ ಬಂದಾಗ ಮಧ್ಯದಲ್ಲಿ ಅವರ ಫೋನ್ ಬಡಿದುಕೊಂಡಿತು. ಕ್ಷಮಿಸಿ ಅಂತ ಕೈ ಮಾಡಿ ಎತ್ತಿದರು. "ಮೋಟಾರ್ ಗುಂಯ್ ಅಂತಿದೆಯಾ, ತಿರುಗ್ತಿಲ್ವಾ? ಒಂದು ಫೇಸ್ ಹೋಗಿದೆ ಅಣ್ಣ, ಮೊದ್ಲು ಆಫ್ ಮಾಡಿ, ಕಾಯಿಲ್ ಸುಟ್ಟುಹೋಗುತ್ತೆ." ಅಷ್ಟು ಹೊತ್ತು ನೆಲ ನೋಡಿಕೊಂಡು ಮಾತಾಡುತ್ತಿದ್ದ ಮನುಷ್ಯನ ದನಿಯೇ ಬೇರೆ ಆಗಿತ್ತು.

ಫೋನ್ ತೆಗೀರಿ, ಒಂದು ವಾರ ಯಾರ್‍ಯಾರು ಕರೆ ಮಾಡಿದ್ದಾರೆ ಓದಿ ಅಂದೆ. ಒಟ್ಟು 38 ಕರೆ. ಅದರಲ್ಲಿ 21 ರಿಪೇರಿಗೆ. ಬೋರ್‌ವೆಲ್ ಮೋಟಾರ್, ಕಳೆ ಹೊಡೆಯೋ ಮೆಷಿನ್, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಸ್ಪ್ರೇಯರ್. ಇದು ಮಳೆಗಾಲದ ಲೆಕ್ಕ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿ ತೋಟದವರೆಲ್ಲ ಸ್ಪ್ರಿಂಕ್ಲರ್ ಹಾಕುತ್ತಾರೆ. ಅರ್ಧ ತೋಟ ನೆನೆದು ಪಂಪ್ ನಿಂತರೆ ಮುಗೀತು, ಉಳಿದರ್ಧದ ಮೊಗ್ಗು ಒಣಗುತ್ತೆ. ಆಗ ರಾತ್ರಿ ಎರಡು ಗಂಟೆಗೂ ಇವರಿಗೇ ಫೋನು. ಟೌನಿನಿಂದ ಮೆಕ್ಯಾನಿಕ್ ಬರೋದು ತಡ ಆಗುತ್ತೆ ಅಂತ ಹಿಂದೊಮ್ಮೆ ತಾವೇ ಪಂಪ್ ಬಿಚ್ಚಿದ್ದು, ಅಲ್ಲಿಂದ ಶುರು.

"ಎಷ್ಟು ತಗೋತೀರಿ?"

"ಅಯ್ಯೋ, ಪಕ್ಕದ ತೋಟದವರು ಮೇಡಂ! ಕಾಫಿ ಕೊಡ್ತಾರೆ."

ಪೆಟ್ರೋಲು ಇವರದ್ದೇ.

ನನಗೆ ಗಂಟು ಸಿಕ್ಕಿತು. ನಲವತ್ತು ದಾಟಿ ನನ್ನ ದಾರಿ ಯಾವುದು ಅಂತ ಕೇಳಿಕೊಂಡು ಬರುವವರಲ್ಲಿ ಸುಮಾರು ಜನ ಆ ದಾರಿಯಲ್ಲೇ ಹತ್ತು ವರ್ಷ ನಡೆದಿರುತ್ತಾರೆ. ಸಂಬಳ ಇಲ್ಲ, ಬೋರ್ಡ್ ಇಲ್ಲ, ಅದಕ್ಕೇ ಅದನ್ನು ಕೆಲಸ ಅಂತ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ನಿಮಗೇನು ಇಷ್ಟ ಅಂತ ಕೇಳಿದರೆ ತಡಬಡಾಯಿಸುತ್ತಾರೆ. ನಿಮ್ಮನ್ನು ಯಾರು, ಯಾತಕ್ಕೆ ಕರೀತಾರೆ ಅಂತ ಕೇಳಿದರೆ ಉತ್ತರ ಫೋನಿನಲ್ಲೇ ಇರುತ್ತೆ. (ಕೆಲವರಿಗೆ ಬರುವ ಕರೆಗಳೆಲ್ಲ ಸಾಲ ಕೇಳುವವರದ್ದೇ. ಅದು ಬೇರೆ ಪ್ರಕರಣ.)

ನಾನು ಹೇಳಿದ್ದು ಇಷ್ಟು. ರೈಟರ್ ಕೆಲಸ ಈಗಲೇ ಬಿಡಬೇಡಿ, ಮಗಳ ಕಾಲೇಜು ಫೀಸು ಇದೆ. ಎಸ್ಟೇಟ್ ಸಾಹುಕಾರರಿಗೆ ಮೊದಲೇ ಹೇಳಿ, ಕದ್ದುಮುಚ್ಚಿ ಬೇಡ. ಒಂದು ನೋಟ್‌ಬುಕ್ ಇಟ್ಟು ಆರು ತಿಂಗಳು ಬರೆಯಿರಿ, ಎಲ್ಲಿ ಹೋದೆ, ಎಷ್ಟು ಹೊತ್ತಾಯ್ತು, ಎಷ್ಟು ಕೊಟ್ಟರು. ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಕಾಯಿಲ್ ತೆಗೆದು ಹೊಸದಾಗಿ ಸುತ್ತುವುದು, ಇವರಿಗೆ ಬರುವುದಿಲ್ಲ, ಅದನ್ನು ಟೌನಿಗೆ ಕಳಿಸುತ್ತಾರೆ, ದುಡ್ಡಿರುವುದೇ ಅಲ್ಲಿ. ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿ ಅನ್ನುವ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯವು. ಮೋಟಾರ್ ವೈಂಡಿಂಗ್ ಕಲಿಸುತ್ತಾರೆ, ಊಟ ವಸತಿ ಸೇರಿ ಉಚಿತ. ವಯಸ್ಸಿನ ಮಿತಿ ಇರುತ್ತೆ, ಈ ವಾರವೇ ಹೋಗಿ ವಿಚಾರಿಸಿ, ಕೆಪಿಎಸ್‌ಸಿ ಥರ ಇದೂ ದಾಟಿಹೋಗಬಾರದು ಅಂದೆ. ನಕ್ಕರು. ನನ್ನ ರೂಮಿನಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಎಲ್ಲಕ್ಕಿಂತ ಕಷ್ಟ ಆಗಿದ್ದು ದುಡ್ಡು ಕೇಳುವುದು. ಮೂರನೇ ಸಲ ಹೆಂಡತಿಯೂ ಬಂದಿದ್ದರು. ನಾನು ತೋಟದವರಾಗಿ ಫೋನ್ ಮಾಡೋದು, ಇವರು "ಬರ್ತೀನಿ ಅಣ್ಣ, ಬಂದು ನೋಡೋಕೆ 300 ಆಗುತ್ತೆ" ಅನ್ನಬೇಕು. ನಾಲ್ಕು ಸಲ "ಬರ್ತೀನಿ ಅಣ್ಣ"ಗೇ ನಿಂತಿತು. ಐದನೇ ಸಲ ಹೆಂಡತಿ ಪಕ್ಕದಿಂದ "ಹೇಳ್ರೀ, ಮೇಡಂ ಏನು ನೆಂಟ್ರಾ?" ಅಂತ ತಿವಿದರು. ಹೇಳಿದರು.

ನವೆಂಬರಿನಲ್ಲಿ ತರಬೇತಿ ಮುಗಿಸಿದರು. ನೋಟ್‌ಬುಕ್ ತೋರಿಸಿದರು, ಅರ್ಧ ಸಾಲುಗಳ ಮುಂದೆ ದುಡ್ಡಿತ್ತು, ಉಳಿದರ್ಧದಲ್ಲಿ 'ಕಾಫಿ'. ಚಿಕ್ಕಪ್ಪನ ತೋಟಕ್ಕೆ ಈಗಲೂ ಕೇಳೋಕಾಗಲ್ಲ ಅಂದರು. ಸ್ಕೂಲಿನ ಗ್ರೂಪಿನಲ್ಲಿ ಏನೂ ಹಾಕಿಲ್ಲ. ಹಾಕಬೇಕು ಅಂತ ನಾನೂ ಹೇಳಲಿಲ್ಲ.

ಮಾರ್ಚಿನಲ್ಲಿ ಬರಬೇಕಾಗಿದ್ದ ದಿನ ಬರಲಿಲ್ಲ. ಫೋನ್ ಮಾಡಿದೆ. ಹಿಂದೆ ಇಂಜಿನ್ ಸದ್ದು, ಯಾರೋ ಪೈಪ್ ಹಿಡಿ ಅಂತ ಕೂಗುತ್ತಿದ್ದರು. "ಆಗಲ್ಲ ಮೇಡಂ, ಪಂಪ್ ಬಿಚ್ಚಿಟ್ಟಿದೀನಿ, ಆಮೇಲೆ ಮಾಡ್ತೀನಿ" ಅಂತ ಇಟ್ಟೇಬಿಟ್ಟರು. ಹೇಳದೆ ತಪ್ಪಿಸಿದರೆ ಅರ್ಧ ಫೀಸು ಅಂತ ನನ್ನದೊಂದು ನಿಯಮ ಇದೆ, ಗೋಡೆಯ ಮೇಲೇ ಅಂಟಿಸಿದ್ದೇನೆ. ಕೇಳೋಕೆ ನಂಗೂ ಬಾಯಿ ಬರಲಿಲ್ಲ.