ವಿಪಶ್ಯನ ಧ್ಯಾನ ಶಿಬಿರಕ್ಕೆ ಫೀಸ್ ಇಲ್ಲ ಅಂದ್ರೆ ಕೇಂದ್ರಗಳು ನಡೆಯೋದು ಹೇಗೆ?

ಹಿಂದೆ ಶಿಬಿರ ಮುಗಿಸಿದವರ ದಾನದಿಂದ. ಇವು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಬಂದು ಧ್ಯಾನ ಕಲಿಸಿದ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಕೇಂದ್ರಗಳು. ಮಹಾರಾಷ್ಟ್ರದ ಇಗತ್‌ಪುರಿಯಿಂದ ಹಿಡಿದು ಹೊರದೇಶಗಳವರೆಗೂ ನಿಯಮ ಒಂದೇ: 10 ದಿನದ ಶಿಬಿರ ಒಮ್ಮೆಯಾದರೂ ಮುಗಿಸದವರಿಂದ ದುಡ್ಡು ತಗೊಳ್ಳುವುದಿಲ್ಲ. ಆಯಾ ಕೇಂದ್ರದ ಟ್ರಸ್ಟ್ ದಾನದ ಹಣದಲ್ಲಿ ಕಟ್ಟಡ, ದಿನಸಿ, ಕರೆಂಟ್ ಬಿಲ್ಲು ನೋಡಿಕೊಳ್ಳುತ್ತದೆ. ಕಲಿಸುವವರಿಗೆ ಸಂಬಳವಿಲ್ಲ. ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುವವರು, ಊಟ ಬಡಿಸುವವರು ಜಾಸ್ತಿ ಹಳೆಯ ವಿದ್ಯಾರ್ಥಿಗಳೇ.

ಫೀಸ್ ಕಟ್ಟಿದರೆ ನಾವು ಗಿರಾಕಿಗಳಾಗಿಬಿಡುತ್ತೇವೆ, ಅಲ್ವಾ? ಇಲ್ಲಿ ನಿಮ್ಮ ತಟ್ಟೆಯ ಅನ್ನ ಯಾರೋ ಗುರುತಿಲ್ಲದವರು ಕೊಟ್ಟಿದ್ದು. ಕೊನೆಯಲ್ಲಿ ನೀವು ಕೊಡುವುದು ಮುಂದೆ ಬರುವವರಿಗೆ. ಆ ತಟ್ಟೆ ಮುಂದೆ ಕೂತಾಗ ಇದು ನಿಜಕ್ಕೂ ಮನಸ್ಸಿಗೆ ತಟ್ಟುತ್ತದೆ.